ಕನ್ನಡಕದೊಳಗಿನ ಹಂಪಿ

ವಿದ್ಯಾರ್ಥಿಗಳೇ, ‘ವರ್ಚುವಲ್ ರಿಯಾಲಿಟಿ’ ಎಂಬ ಮಾತು ನಿಮಗೆ ಹೊಸದಲ್ಲ. ಅದನ್ನು ಕನ್ನಡದಲ್ಲಿ ಮಿಥ್ಯಾವಾಸ್ತವವೆನ್ನುವ ರೂಢಿಯುಂಟು. ನಮಗೆ ಆ ಹೆಸರು ಅಷ್ಟಾಗಿ ರುಚಿಸದು. ಮಿಥ್ಯೆಯೆಂದರೆ ಸುಳ್ಳು, ಇಲ್ಲಿ ಕಾಣುವುದಾದರೋ ಸುಳ್ಳಲ್ಲ, ಇದ್ದಂತೆ ತೋರುವುದು. ಭಾಸವೆಂದರೆ ಸಾಕು.

ತರಗತಿಯಲ್ಲಿ ಈ ವಿಷಯವನ್ನೆತ್ತಿದಾಗ ನಿಮ್ಮಲ್ಲಿ ಹಲವರು ಅದನ್ನು ಆಟದ ಸಾಧನವೆಂದಿರಿ; ಅದೊಂದಿದ್ದರೆ ಪಠ್ಯಪುಸ್ತಕವೇ ಬೇಡವೆಂದವರೂ ಇದ್ದರು. ತಲೆಸುತ್ತು ಬರುವುದೆಂದು ಹೆದರಿದವರು ಕೆಲವರು. ಆ ಹೆದರಿಕೆ ನಿರಾಧಾರವಲ್ಲ. ದೇಹವು ಚಲಿಸುತ್ತಿದೆಯೆಂದು ಕಣ್ಣು ತಿಳಿಸುತ್ತದೆ, ಇಲ್ಲವೆಂದು ಒಳಗಿವಿ ತಿಳಿಸುತ್ತದೆ. ಮಿದುಳು ಯಾರ ಮಾತನ್ನು ನಂಬಬೇಕು?

ಯಂತ್ರದ ಮರ್ಮ ಹಳೆಯದು. ನಮ್ಮ ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರಿನ ಅಂತರವಿರುವುದರಿಂದ ಒಂದೇ ವಸ್ತುವು ಎರಡು ಕಣ್ಣಿಗೂ ತುಸು ಬೇರೆಯಾಗಿ ಕಾಣುತ್ತದೆ. ಅವೆರಡನ್ನೂ ಕೂಡಿಸಿ ಮಿದುಳು ಆಳವನ್ನು ಅರಿಯುತ್ತದೆಂಬುದನ್ನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ತೋರಿಸಿಕೊಟ್ಟನು. ತಲೆ ತಿರುಗಿಸಿದಂತೆ ಚಿತ್ರವೂ ಬದಲಾಗುವ ಉಪಕರಣವನ್ನು 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ಪ್ರಕಟಪಡಿಸಿದರು. ಅದರ ಭಾರ ಎಷ್ಟೆಂದರೆ, ಚಾವಣಿಯಿಂದ ತೂಗುಹಾಕಬೇಕಾಗಿತ್ತು!

ಇನ್ನು ಹಂಪಿಯ ಮಾತು. ದೆಹಲಿಯಲ್ಲಿ ಬೆಳೆದ ನಿಮ್ಮಲ್ಲಿ ಅನೇಕರು ಹಂಪಿಯನ್ನು ಕಂಡವರಲ್ಲ. ಐವತ್ತು ರೂಪಾಯಿ ನೋಟಿನ ಹಿಂಬದಿಯ ಕಲ್ಲಿನ ರಥವೇ ನಿಮ್ಮ ಪಾಲಿನ ಹಂಪಿ. 2020ರ ಜನವರಿಯಲ್ಲಿ ನಮ್ಮ ಊರಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿಯೇ ಹಂಪಿಯನ್ನು ಗಣಕಯಂತ್ರದ ನೆರವಿನಿಂದ ಪುನಾರಚಿಸಿ ಪ್ರದರ್ಶಿಸಿದ್ದುಂಟು. ಊರಿಂದ ದೂರವಿರುವ ನಮ್ಮಂಥವರಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಇಂಥದನ್ನು ಕಂಡೊಡನೆ “ಹಂಪಿ ನೋಡಿಯಾಯಿತು” ಎಂದುಬಿಡುವ ಆತುರವಿದೆಯಲ್ಲ, ಅದನ್ನು ನಾವು ಒಪ್ಪೆವು.

ಆ ರಥವನ್ನೇ ತೆಗೆದುಕೊಳ್ಳಿ. ಒಂದು ಕಾಲಕ್ಕೆ ಅದರ ಮೇಲೆ ಇಟ್ಟಿಗೆಯ ಗೋಪುರವಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದು ಕಾಣುತ್ತದೆ. ಇಂದು ಅದಿಲ್ಲ; ನೋಟಿನ ಮೇಲೂ ಇಲ್ಲ. ಹಾಗಾದರೆ ಕನ್ನಡಕದೊಳಗೆ ತೋರಿಸಬೇಕಾದ ರಥ ಯಾವುದು? ರಾಜಧಾನಿಯು 1565ರ ಯುದ್ಧದ ತರುವಾಯ ಹಾಳಾಯಿತು. ಅರಮನೆಗಳ ಕಲ್ಲಿನ ತಳಗಟ್ಟುಗಳು ಉಳಿದಿವೆ, ಮೇಲಿನ ಮರದ ಭಾಗಗಳು ಉಳಿದಿಲ್ಲ. ಯಂತ್ರದ ಚಿತ್ರದಲ್ಲಿ ಅಂತಹ ಕಂಬ, ಮಾಡು, ಬಣ್ಣಗಳು ಕಂಡರೆ ಯಾರೋ ಒಬ್ಬರು ಕುಳಿತು ನಿರ್ಧರಿಸಿದವೆಂದು ತಿಳಿಯಿರಿ. ಅಳೆದು ಬರೆದದ್ದೆಷ್ಟು, ಊಹಿಸಿ ತುಂಬಿದ್ದೆಷ್ಟು? ಚಿತ್ರವು ಎಷ್ಟು ಸೊಗಸಾಗಿದ್ದರೆ ಈ ಪ್ರಶ್ನೆಯನ್ನು ಅಷ್ಟು ಬೇಗ ಮರೆಯುತ್ತೇವೆ. ಪುಸ್ತಕದ ರೇಖಾಚಿತ್ರಕ್ಕೆ ಈ ಮರವೆ ತರಿಸುವ ಶಕ್ತಿಯಿಲ್ಲ. ಅದು ಚಿತ್ರವೆಂಬುದು ಕಣ್ಣಿಗೇ ತಿಳಿಯುತ್ತದೆ.

ಬೇಸಿಗೆಯ ರಜೆಯಲ್ಲಿ ಊರಿಗೆ ಹೊರಡುವವರು ತಂದೆತಾಯಿಗಳನ್ನು ಕೇಳಿ ನೋಡಿ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಗುಂತಕಲ್ಲಿಗೆ ಬಂದಿಳಿದು ಗಾಡಿ ಬದಲಾಯಿಸಿದರೆ ಹೊಸಪೇಟೆ. ಅಲ್ಲಿಂದ ಹಂಪಿಗೆ ಸುಮಾರು 13 ಕಿಲೋಮೀಟರು.