ದೂರದಿಂದ ಕಚೇರಿಯ ಜಾಲಕ್ಕೆ: ವಿಪಿಎನ್ ಸರ್ವರ್ ಸ್ಥಾಪನೆ

ಕೆಲಸವಿದ್ದಲ್ಲಿಗೆ ಮನುಷ್ಯನು ಹೋಗುವುದು ಹಿಂದಿನಿಂದ ಬಂದ ಪದ್ಧತಿ. ಮನುಷ್ಯನಿದ್ದಲ್ಲಿಗೆ ಕೆಲಸವೇ ಬರುವುದು ಈಚಿನ ಪದ್ಧತಿ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದ ಕಾರಣ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಕಾಸರಗೋಡು ಕಡೆಯಿಂದ ದಿನವೂ ಮಂಗಳೂರಿಗೆ ಹೋಗಿ ಬರುತ್ತಿದ್ದವರು ಮನೆಯಲ್ಲಿಯೇ ಉಳಿಯಬೇಕಾಯಿತು. ಕಚೇರಿಯ ಕಡತಗಳು ಗಡಿಯ ಆಚೆ, ಕೆಲಸ ಮಾಡುವವರು ಈಚೆ. ಇಂತಹ ಸಂದರ್ಭದಲ್ಲಿ ದೂರದಿಂದಲೇ ಕಚೇರಿಯ ಜಾಲವನ್ನು ಪ್ರವೇಶಿಸಲು ನೆರವಾಗುವ ಏರ್ಪಾಡೇ ವಿಪಿಎನ್, ಅರ್ಥಾತ್ ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್. ಒಂದು ಸಣ್ಣ ಕಚೇರಿಗೆ ಇದನ್ನು ಹೇಗೆ ಸ್ಥಾಪಿಸುತ್ತಾರೆ, ಸ್ಥಾಪಿಸಿದ ಮೇಲೆ ಹೇಗೆ ಕಾಯಬೇಕು ಎಂಬುದನ್ನು ನಾವು ಇಲ್ಲಿ ತಿಳಿಯೋಣ.

ಒಳಗಿನ ಹೆಸರು, ಹೊರಗಿನ ವಿಳಾಸ

ಕಚೇರಿಯೊಳಗಿನ ಗಣಕಯಂತ್ರಗಳಿಗೆ ಸಾಮಾನ್ಯವಾಗಿ 192.168 ಎಂದೋ 10 ಎಂದೋ ಆರಂಭವಾಗುವ ವಿಳಾಸಗಳಿರುತ್ತವೆ. ಇವು ಮನೆಯೊಳಗಿನ ಮುದ್ದಿನ ಹೆಸರುಗಳಿದ್ದಂತೆ. ‘ಪುಟ್ಟ’ ಎಂದು ಕರೆದರೆ ಮನೆಯ ಮಗು ಓಗೊಡುತ್ತದೆ. ಆದರೆ ‘ಪುಟ್ಟನಿಗೆ’ ಎಂದಷ್ಟೇ ಬರೆದು ಅಂಚೆಗೆ ಹಾಕಿದ ಕಾಗದ ಎಲ್ಲಿಗೂ ತಲಪದು. ಹಾಗೆಯೇ ಈ ಒಳವಿಳಾಸಗಳು ಅಂತರ್ಜಾಲದಲ್ಲಿ ನಡೆಯುವುದಿಲ್ಲ. ಹೊರಗಿನವರಿಗೆ ಕಾಣುವುದು ಕಚೇರಿಯ ರೌಟರ್ ಎಂಬ ಉಪಕರಣದ ಸಾರ್ವಜನಿಕ ವಿಳಾಸ ಮಾತ್ರ.

ಹಾಗಾದರೆ ರೌಟರಿನಲ್ಲಿ ಒಂದು ದಾರಿ ತೆರೆದು, ಹೊರಗಿನಿಂದ ನೇರವಾಗಿ ಕಚೇರಿಯ ಗಣಕಯಂತ್ರಕ್ಕೆ ಬರಲು ಬಿಟ್ಟರಾಗದೆ ಎಂದು ನೀವು ಕೇಳಬಹುದು. ಅದು ಅಪಾಯಕರ. ಅಂತರ್ಜಾಲದ ವಿಳಾಸಗಳ ಬಾಗಿಲನ್ನು ಹಗಲಿರುಳು ತಟ್ಟಿ, ಎಲ್ಲಿ ತೆರೆದಿದೆ ಎಂದು ಹುಡುಕುತ್ತಿರುವ ಯಂತ್ರಗಳು ಲೋಕದಲ್ಲಿ ಬಹಳ ಇವೆ. ತೆರೆದ ಬಾಗಿಲು ಅವುಗಳ ಕಣ್ಣಿಗೆ ಬೀಳಲು ಹೆಚ್ಚು ಕಾಲ ಬೇಕಾಗದು.

ಕೊರೆಯದ ಸುರಂಗ

ವಿಪಿಎನ್ ದಾರಿಯನ್ನು ತಂತ್ರಜ್ಞರು ಸುರಂಗ ಎನ್ನುತ್ತಾರೆ. ನೀರಿಗಾಗಿ ನಮ್ಮ ಗುಡ್ಡಗಳಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳು ನಿಮಗೆ ಪರಿಚಿತವೇ. ಆದರೆ ಈ ಸುರಂಗವನ್ನು ಯಾರೂ ಕೊರೆಯುವುದಿಲ್ಲ. ಮಾಹಿತಿಯು ಎಲ್ಲರೂ ಬಳಸುವ ಹೆದ್ದಾರಿಯಲ್ಲಿಯೇ ಸಾಗುತ್ತದೆ. ಗೂಢಲಿಪಿಯಾಗಿ ಮಾರ್ಪಟ್ಟು, ಮೊಹರು ಮಾಡಿದ ಲಕೋಟೆಯಲ್ಲಿ ಸಾಗುತ್ತದೆ ಎಂಬುದೇ ವಿಶೇಷ. ಹೊರಲಕೋಟೆಯ ಮೇಲೆ ಕಚೇರಿಯ ಸಾರ್ವಜನಿಕ ವಿಳಾಸ, ಒಳಲಕೋಟೆಯ ಮೇಲೆ ‘ಪುಟ್ಟ’ನ ಹೆಸರು. ಕಚೇರಿಯಲ್ಲಿ ಕುಳಿತು ಹೊರಲಕೋಟೆಯನ್ನು ಒಡೆದು, ಒಳಗಿನದನ್ನು ಸರಿಯಾದ ಯಂತ್ರಕ್ಕೆ ಮುಟ್ಟಿಸುವ ಗಣಕಯಂತ್ರವೇ ವಿಪಿಎನ್ ಸರ್ವರ್.

ಸ್ಥಾಪಿಸುವ ಕ್ರಮ

ಈ ಕೆಲಸಕ್ಕೆ ಹಲವು ತಂತ್ರಾಂಶಗಳಿವೆ. ನಾವು ವೈರ್‌ಗಾರ್ಡ್ ಎಂಬುದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ಉಚಿತವಾದುದು. 2020ರ ಮಾರ್ಚ್‌ನಲ್ಲಿ ಹೊರಬಂದ ಲಿನಕ್ಸ್ 5.6ರಲ್ಲಿಯೇ ಇದನ್ನು ಸೇರಿಸಲಾಯಿತು. ಲಿನಕ್ಸ್ ಹಾಕಿದ ಹಳೆಯ ಗಣಕಯಂತ್ರವೊಂದು ಸಣ್ಣ ಕಚೇರಿಗೆ ಸಾಕು.

1. ವಿಳಾಸಗಳ ಆಯ್ಕೆ: ಮನೆಯ ರೌಟರುಗಳಲ್ಲಿ ಬಹುತೇಕ 192.168.0 ಅಥವಾ 192.168.1 ಎಂಬ ಸಾಲು ಇರುತ್ತದೆ. ಕಚೇರಿಯಲ್ಲಿಯೂ ಅದೇ ಇದ್ದರೆ ಯಾವ ‘ಪುಟ್ಟ’ ಎಂದು ಯಂತ್ರಕ್ಕೆ ಗೊಂದಲವಾಗುತ್ತದೆ. ಆದುದರಿಂದ ಕಚೇರಿಗೆ 192.168.47ರಂತಹ ಅಪರೂಪದ ಸಾಲನ್ನೂ, ಸುರಂಗಕ್ಕೆ 10.8.0ರಂತಹ ಬೇರೆ ಸಾಲನ್ನೂ ಆರಿಸಬೇಕು.

2. ಕೀಲಿಗಳ ತಯಾರಿ: ಸರ್ವರಿಗೆ ಒಂದು, ದೂರದ ಪ್ರತಿಯೊಂದು ಉಪಕರಣಕ್ಕೆ ಒಂದು ಜೋಡಿ ಕೀಲಿ ಬೇಕು. ಪ್ರತಿ ಜೋಡಿಯಲ್ಲಿ ಒಂದು ಗುಪ್ತಕೀಲಿ, ಇನ್ನೊಂದು ಬಹಿರಂಗಕೀಲಿ. ಒಂದೊಂದೂ 44 ಅಕ್ಷರಗಳ ಸಾಲು. ಬಹಿರಂಗಕೀಲಿಯನ್ನು ಎದುರಿನವರಿಗೆ ಕೊಡಬೇಕು. ಗುಪ್ತಕೀಲಿಯು ಹುಟ್ಟಿದ ಯಂತ್ರವನ್ನು ಬಿಟ್ಟು ಹೊರಗೆ ಬರಲೇಬಾರದು. ಬಹಿರಂಗಕೀಲಿಯನ್ನು ನೋಡಿ ಗುಪ್ತಕೀಲಿಯನ್ನು ಲೆಕ್ಕಹಾಕುವುದು ಇಂದಿನ ಗಣಕಯಂತ್ರಗಳಿಗೆ ಸಾಧ್ಯವಿಲ್ಲ.

3. ಸರ್ವರಿನ ಪಟ್ಟಿ: ಯಾವ ಬಹಿರಂಗಕೀಲಿಗೆ ಸುರಂಗದ ಯಾವ ವಿಳಾಸ ಎಂದು ಸರ್ವರಿನಲ್ಲಿ ಬರೆಯಬೇಕು. ಸರ್ವರ್ 10.8.0.1 ಆದರೆ ಮೊದಲ ಉಪಕರಣ 10.8.0.2, ಎರಡನೆಯದು 10.8.0.3. ಒಂದು ಕಡೆಯಿಂದ ಬಂದುದನ್ನು ಇನ್ನೊಂದು ಕಡೆಗೆ ದಾಟಿಸಲು ಸರ್ವರಿಗೆ ಅನುಮತಿ ಕೊಡಬೇಕು. ಯಾರು ಯಾವ ಯಂತ್ರದವರೆಗೆ ಹೋಗಬಹುದು ಎಂಬ ಕಟ್ಟುಪಾಡನ್ನೂ ಹಾಕಬೇಕು. ಲೆಕ್ಕಪತ್ರದವರಿಗೆ ಲೆಕ್ಕಪತ್ರದ ಯಂತ್ರ ಸಾಕು.

4. ರೌಟರಿನ ಬಾಗಿಲು: ವೈರ್‌ಗಾರ್ಡಿಗೆ ರೂಢಿಯಾಗಿರುವುದು ಯುಡಿಪಿ 51820 ಎಂಬ ಬಾಗಿಲು. ಅಲ್ಲಿಗೆ ಬಂದುದನ್ನು ಸರ್ವರಿಗೆ ಕಳುಹಿಸುವಂತೆ ರೌಟರಿಗೆ ಹೇಳಬೇಕು. ಕೀಲಿಯಿಲ್ಲದವರು ಎಷ್ಟು ತಟ್ಟಿದರೂ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಒಳಗೆ ಯಾರಾದರೂ ಇದ್ದಾರೆಂದೇ ಕಳ್ಳನಿಗೆ ತಿಳಿಯದು.

5. ಸಾರ್ವಜನಿಕ ವಿಳಾಸ: ರೌಟರಿನ ಹೊರವಿಳಾಸವು 100.64ರಿಂದ 100.127ರವರೆಗಿನದಾದರೆ, ಅದು ಹಲವು ಗ್ರಾಹಕರು ಒಂದೇ ವಿಳಾಸವನ್ನು ಹಂಚಿಕೊಂಡಿರುವ ಏರ್ಪಾಡು. ಆಗ ಸೇವೆ ಕೊಡುವ ಸಂಸ್ಥೆಯಿಂದ ಸ್ಥಿರವಾದ ಸಾರ್ವಜನಿಕ ವಿಳಾಸವನ್ನು ಕೇಳಿ ಪಡೆಯಬೇಕು.

6. ಪರೀಕ್ಷೆ: ಮನೆಯ ಉಪಕರಣದಲ್ಲಿ ಕಚೇರಿಯ ಸಾಲನ್ನು ಮಾತ್ರ ಸುರಂಗಕ್ಕೆ ಒಪ್ಪಿಸಿ, ಉಳಿದುದನ್ನು ಎಂದಿನ ದಾರಿಗೇ ಬಿಡಬಹುದು. ಕಚೇರಿಯ ವೈಫೈಯಲ್ಲೇ ಕುಳಿತು ಪರೀಕ್ಷಿಸಿದರೆ ಏನೂ ತಿಳಿಯದು. ಮೊಬೈಲಿನ ಅಂತರ್ಜಾಲದಿಂದ, ಹೊರಗಿನವರಾಗಿಯೇ ಪರೀಕ್ಷಿಸಬೇಕು.

ಕೀಲಿಗಳ ಲೆಕ್ಕ

ಇಲ್ಲಿಗೆ ಕೆಲಸ ಮುಗಿಯಿತೆಂದು ತಿಳಿದರೆ ತಪ್ಪು. ಅಮೇರಿಕದ ಕಲೋನಿಯಲ್ ಪೈಪ್‌ಲೈನ್ ಎಂಬ ಸಂಸ್ಥೆಯು ಸುಮಾರು 8,850 ಕಿಲೋಮೀಟರು ಉದ್ದದ ಕೊಳವೆಮಾರ್ಗದಲ್ಲಿ ಇಂಧನವನ್ನು ಸಾಗಿಸುತ್ತದೆ. 2021ರ ಮೇ 7ರಂದು ಸುಲಿಗೆಕೋರರು ಅದರ ಗಣಕಯಂತ್ರಗಳನ್ನು ಕಟ್ಟಿಹಾಕಿದರು. ಸಂಸ್ಥೆಯು ಕೊಳವೆಯನ್ನೇ ನಿಲ್ಲಿಸಬೇಕಾಯಿತು. ಮತ್ತೆ ಆರಂಭಿಸಿದ್ದು ಮೇ 12ರಂದು. ಪೂರ್ವ ಕರಾವಳಿಯ ಹಲವು ಊರುಗಳಲ್ಲಿ ಪೆಟ್ರೋಲಿಗೆ ಸಾಲು ನಿಂತಿತು. ಸಂಸ್ಥೆ ತೆತ್ತ ಹಣ 75 ಬಿಟ್‌ಕಾಯಿನ್, ಎಂದರೆ ಸುಮಾರು 44 ಲಕ್ಷ ಡಾಲರು. ಕಳ್ಳರು ಒಳಗೆ ಬಂದುದು ಹೇಗೆ? ಬಳಕೆಯಲ್ಲಿ ಇರಬಾರದಾಗಿದ್ದ ಹಳೆಯ ವಿಪಿಎನ್ ಖಾತೆಯೊಂದರಿಂದ. ಅದಕ್ಕೆ ಇದ್ದುದು ಒಂದು ಗುಪ್ತಪದದ ಕಾವಲು ಮಾತ್ರ. ಎರಡನೆಯ ತಪಾಸಣೆ ಇರಲಿಲ್ಲ. ಗೂಢಲಿಪಿಯನ್ನು ಯಾರೂ ಭೇದಿಸಲಿಲ್ಲ, ಗೋಡೆಯನ್ನು ಯಾರೂ ಒಡೆಯಲಿಲ್ಲ. ಹಿಂದಕ್ಕೆ ಪಡೆಯದೆ ಬಿಟ್ಟ ಒಂದು ಕೀಲಿ ಅಷ್ಟು ದೊಡ್ಡ ಸಂಸ್ಥೆಯನ್ನು ಐದು ದಿನ ನಿಲ್ಲಿಸಿತು.

ಆದುದರಿಂದ ಸರ್ವರಿನ ಪಕ್ಕದಲ್ಲಿ ಒಂದು ದಾಖಲೆ ಪುಸ್ತಕವೂ ಇರಬೇಕು: ಯಾವ ಕೀಲಿ ಯಾರಿಗೆ, ಯಾವ ದಿನ ಕೊಟ್ಟದ್ದು, ಯಾವ ದಿನ ಅಳಿಸಿದ್ದು. ಇಬ್ಬರಿಗೆ ಒಂದೇ ಕೀಲಿ ಕೊಡಬಾರದು. ಕೆಲಸ ಬಿಟ್ಟವರ ಕೀಲಿಯನ್ನು ಅದೇ ದಿನ, ಲ್ಯಾಪ್‌ಟಾಪ್ ಕಳೆದರೆ ಅದೇ ಗಳಿಗೆಯಲ್ಲಿ ಪಟ್ಟಿಯಿಂದ ತೆಗೆಯಬೇಕು. ತಂತ್ರಾಂಶದ ಹೊಸ ತಿದ್ದುಪಡಿಗಳನ್ನು ಆಗಾಗ ಹಾಕುತ್ತಿರಬೇಕು.

ಹೆತ್ತವರಿಗೂ ಮಕ್ಕಳಿಗೂ ಒಂದು ಮಾತು. ಸುರಂಗವು ದಾರಿಯನ್ನು ಕಾಯುತ್ತದೆಯೇ ಹೊರತು ದಾರಿಹೋಕನನ್ನು ಶೋಧಿಸುವುದಿಲ್ಲ. ಮನೆಯ ಯಂತ್ರಕ್ಕೆ ವೈರಸ್ ತಗಲಿದ್ದರೆ ಅದಕ್ಕೂ ಕಚೇರಿಯ ದಾರಿ ತೆರೆದಂತೆಯೇ. ಅಕ್ಕನೋ ಅಪ್ಪನೋ ಕಚೇರಿ ಕೆಲಸಕ್ಕೆ ಬಳಸುವ ಲ್ಯಾಪ್‌ಟಾಪಿನಲ್ಲಿ ಆಟಗಳನ್ನು ಇಳಿಸಿಕೊಳ್ಳಬೇಡಿ ಎಂದು ನಾವು ಹೇಳುವುದು ಇದೇ ಕಾರಣಕ್ಕೆ. ಕಚೇರಿಯ ಒಂದು ಬಾಗಿಲು ಈಗ ನಿಮ್ಮ ಮನೆಯ ಚಾವಡಿಯಲ್ಲಿದೆ. ಅದರ ಕಾವಲಿನಲ್ಲಿ ನಿಮಗೂ ಪಾಲಿದೆ.