ಮಹಾಗನಿಗೆ ಜೊತೆಮರ ಬೇಕು

ಈ ಮಳೆಗಾಲಕ್ಕೆ ಹೊಲದ ತುಂಬ ಮಹಾಗನಿ ಹಚ್ಚಬೇಕೆಂದಿದ್ದೀರಾ? ಗುಂಡಿ ತೋಡಿಸುವ ಮೊದಲು ಒಂದು ಮಾತು ಕೇಳಿ. ಮಹಾಗನಿಯೊಂದನ್ನೇ ಸಾಲುಸಾಲಾಗಿ ನೆಡಬೇಡಿ.

ಈ ಮರದ ದೊಡ್ಡ ಶತ್ರು ಚಿಗುರು ಕೊರೆಯುವ ಹುಳು. ಇದರ ಪತಂಗ ರಾತ್ರಿ ಹಾರಿಬಂದು ಎಳೆಯ ಚಿಗುರಿನ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ತುದಿಯನ್ನು ಕೊರೆದು ಒಳಸೇರುತ್ತದೆ. ಆಗ ಚಿಗುರು ಜೋತುಬಿದ್ದು ಒಣಗುತ್ತದೆ. ರಂಧ್ರದ ಬಾಯಲ್ಲಿ ಹಿಕ್ಕೆ, ಬಲೆಯಂಥ ನೂಲು ಕಾಣುತ್ತದೆ. ಗಿಡ ಸಾಯುವುದು ಕಡಿಮೆ. ಆದರೆ ಪಕ್ಕದ ಚಿಗುರುಗಳು ಒಟ್ಟಿಗೇ ಎದ್ದು ಕಾಂಡ ಕವಲೊಡೆಯುತ್ತದೆ. ನೇರ ದಿಮ್ಮಿ ಸಿಗದಿದ್ದರೆ ಮಹಾಗನಿಗೆ ಬೆಲೆಯೆಲ್ಲಿ?

ಪತಂಗ ಚಿಗುರಿನ ವಾಸನೆ ಹಿಡಿದು ಬರುತ್ತದೆ. ನಡುನಡುವೆ ಬೇರೆ ಜಾತಿಯ ಮರಗಳಿದ್ದರೆ ಗುರಿ ಹುಡುಕುವುದು ಅದಕ್ಕೆ ಕಷ್ಟ. ಆದ್ದರಿಂದ ಸಿಲ್ವರ್ ಓಕ್, ಗ್ಲಿರಿಸಿಡಿಯಾದಂಥ ಬೇಗ ಬೆಳೆಯುವ ಮರಗಳನ್ನು ಮೊದಲೇ ಎಬ್ಬಿಸಿ, ನಡುವೆ ಮಹಾಗನಿ ನೆಡಿ. ನೆರಳು ಪಕ್ಕದಿಂದ ಬರಲಿ, ನೆತ್ತಿಗೆ ಬೆಳಕಿರಲಿ. ಗಿಡ ಬೆಳಕು ಹುಡುಕುತ್ತ ನೆಟ್ಟಗೆ ಏಳುತ್ತದೆ. ಗಂಧಗರಿಗೆ, ಅಂದರೆ ತೂನ್ ಮರ ಮಾತ್ರ ಜೊತೆಗೆ ಬೇಡ. ಅದೂ ಇದೇ ಕುಟುಂಬದ್ದು, ಇದೇ ಹುಳುವಿಗೆ ಆಹಾರ. ಹುಳು ತಡೆಯಲು ಬದುವಿಗೆ ನಾಲ್ಕು ಬೇವು ಹಚ್ಚಿದರೆ ಸಾಕು ಎಂದೂ ನಂಬಬೇಡಿ.

ಜೊತೆಮರ ಹಾವಳಿ ತಗ್ಗಿಸುತ್ತದೆ, ಪೂರ್ತಿ ನಿಲ್ಲಿಸದು. ಹೊಸ ಚಿಗುರು ಬಂದಾಗೆಲ್ಲ ತೋಟ ಸುತ್ತಿ ನೋಡಿ. ಜೋತುಬಿದ್ದ ತುದಿಯನ್ನು ಹುಳು ಕೊರೆದಷ್ಟೂ ಕೆಳಕ್ಕೆ ಕತ್ತರಿಸಿ ಸುಟ್ಟುಹಾಕಿ. ಆಮೇಲೆ ಎದ್ದ ಚಿಗುರುಗಳಲ್ಲಿ ನೆಟ್ಟಗಿರುವ ಒಂದನ್ನು ಉಳಿಸಿ, ಮಿಕ್ಕವನ್ನು ಚಿವುಟಿ. ಕಾಂಡ 15 ಅಡಿಯಷ್ಟು ನೇರವಾಗಿ ಏರುವ ತನಕ ಈ ಕಾಳಜಿ ಬಿಡಬೇಡಿ.