ವೃತ್ತಾಂತವೋ, ಕಾಗದವೋ, ಸಾಮ್ಯವೋ?

ಬರೆದದ್ದೆಲ್ಲವೂ ಒಂದೇ ತರದ್ದಲ್ಲ. ತನ್ನ ಮುಂದೆ ಇಟ್ಟ ಪತ್ರವು ಸಾಲದ ಕರಾರೋ ಭೂಮಿಯ ಕ್ರಯಪತ್ರವೋ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತಿದವನು ಹೊಲವನ್ನೇ ಕಳಕೊಂಡಾನು. ಹಾಗೆಯೇ ಅಕ್ಷರಗಳನ್ನು ಕೂಡಿಸಿ ಓದಬಲ್ಲವನಾದರೂ, ತಾನು ಓದುವ ಭಾಗವು ಯಾವ ವಿಧದ ಬರಹವೆಂದು ಅರಿಯದಿದ್ದರೆ ಅದರ ಅರ್ಥವು ಅವನಿಗೆ ದೊರೆಯುವದಿಲ್ಲ. ಇದನ್ನು ಕಲಿಯುವದಕ್ಕೆ ಸಮುವೇಲನ ಎರಡನೆಯ ಪುಸ್ತಕದ 11 ಮತ್ತು 12ನೆಯ ಅಧ್ಯಾಯಗಳನ್ನು ಆರಿಸಿಕೊಂಡಿದ್ದೇವೆ. ಯಾಕಂದರೆ ಅಲ್ಲಿ ಹಲವು ವಿಧದ ಬರಹಗಳು ಒಟ್ಟಿಗೆ ಸಿಕ್ಕುವದಲ್ಲದೆ, ಒಬ್ಬ ಅರಸನು ಒಂದು ವಿಧವನ್ನು ಮತ್ತೊಂದೆಂದು ಎಣಿಸಿ ಸಿಕ್ಕಿಬಿದ್ದದ್ದೂ ಹೇಳಲ್ಪಟ್ಟಿದೆ.

11ನೆಯ ಅಧ್ಯಾಯದ ಹೆಚ್ಚಿನ ಭಾಗವು ವೃತ್ತಾಂತ. ಅದರ ಗುರುತೇನಂದರೆ, ಕಾಲ, ಸ್ಥಳ, ಹೆಸರು ಇವು ಮೂರೂ ಅಲ್ಲಿ ಇರುತ್ತವೆ. ಅರಸರು ಯುದ್ಧಕ್ಕೆ ಹೊರಡುವ ಕಾಲ. ಸೈನ್ಯವು ಮುತ್ತಿದ್ದು ರಬ್ಬಾ ಪಟ್ಟಣ, ಅರಸನು ಉಳಿದದ್ದು ಯೆರೂಸಲೇಮಿನಲ್ಲಿ. ದಾವೀದನು, ಬತ್ಷೆಬೆಯು, ಆಕೆಯ ಗಂಡನಾದ ಹಿತ್ತಿಯನಾದ ಊರೀಯನು. ಇದರ ನಡುವೆ 15ನೆಯ ವಚನದಲ್ಲಿ ಒಂದು ಕಾಗದವಿದೆ. ಅದರಲ್ಲಿ ಕಥೆಯಿಲ್ಲ, ವರ್ಣನೆಯಿಲ್ಲ, ಕಾರಣವೂ ಇಲ್ಲ. ಊರೀಯನನ್ನು ಘೋರ ಯುದ್ಧದ ಮುಂದೆ ನಿಲ್ಲಿಸಿ ಬಿಟ್ಟುಬರಬೇಕೆಂಬ ಅಪ್ಪಣೆ ಮಾತ್ರ. ಅದನ್ನು ಯೋವಾಬನಿಗೆ ಹೊತ್ತುಕೊಂಡು ಹೋದವನು ಊರೀಯನೇ! ಆಮೇಲೆ ಬರುವದು ದೂತನ ವರದಿ. ಅರಸನು ಸಿಟ್ಟುಗೊಂಡರೆ ಊರೀಯನೂ ಸತ್ತನೆಂದು ಹೇಳು ಎಂಬದಾಗಿ ಯೋವಾಬನು ದೂತನಿಗೆ ಮೊದಲೇ ಕಲಿಸಿಕೊಟ್ಟಿದ್ದನು. ಆದಕಾರಣ ವರದಿಯನ್ನು ಓದುವಾಗ, ಇದನ್ನು ಯಾರು ಯಾರಿಗೆ ಯಾತಕ್ಕಾಗಿ ಹೇಳುತ್ತಾರೆಂದು ಕೇಳತಕ್ಕದ್ದು.

ಈಗ 12ನೆಯ ಅಧ್ಯಾಯದ ಮೊದಲನೆಯ ನಾಲ್ಕು ವಚನಗಳಿಗೆ ಬರೋಣ. ಪ್ರವಾದಿಯಾದ ನಾತಾನನು ಅರಸನಿಗೆ ಒಂದು ಕಥೆಯನ್ನು ಹೇಳಿದನು. ಒಂದು ಊರಿನಲ್ಲಿ ಇಬ್ಬರು. ಒಬ್ಬನಿಗೆ ದನಕುರಿಗಳು ಬಹಳ, ಮತ್ತೊಬ್ಬನಿಗೆ ಕೊಂಡು ಸಾಕಿದ ಒಂದೇ ಹೆಣ್ಣು ಕುರಿಮರಿ. ಇದು ಆರಂಭ. ಐಶ್ವರ್ಯವಂತನ ಮನೆಗೆ ಪ್ರಯಾಣಿಕನೊಬ್ಬನು ಬಂದನು. ಕಥೆಗೆ ತಿರುವು ಇಲ್ಲಿಯೇ. ಆ ಅತಿಥಿಯು ಬಾರದಿದ್ದರೆ ಎರಡು ಮನೆಗಳೂ ಇದ್ದಂತೆಯೇ ಇರುತ್ತಿದ್ದವು. ಆಗ ಐಶ್ವರ್ಯವಂತನು ತನ್ನ ಹಿಂಡನ್ನು ಮುಟ್ಟದೆ ಬಡವನ ಮರಿಯನ್ನು ಹಿಡಿದು ಅಡಿಗೆಮಾಡಿಸಿದನು. ಕಥೆಯು ಅಲ್ಲಿಗೆ ನಿಂತುಹೋಗುತ್ತದೆ.

ಹೇಳಿದ ರೀತಿಯನ್ನು ಲಕ್ಷ್ಯವಿಟ್ಟು ನೋಡಿರಿ. ಐಶ್ವರ್ಯವಂತನ ಸಂಪತ್ತೆಲ್ಲವೂ ಒಂದೇ ಮಾತಿನಲ್ಲಿ ಮುಗಿದಿದೆ. ಕುರಿಮರಿಯಾದರೋ ಬಡವನ ಮಕ್ಕಳ ಸಂಗಡ ಬೆಳೆಯಿತು, ಅವನ ತುತ್ತಿನಲ್ಲಿ ತಿಂದಿತು, ಅವನ ಪಾತ್ರೆಯಲ್ಲಿ ಕುಡಿಯಿತು, ಅವನ ಎದೆಯ ಮೇಲೆ ಮಲಗಿತು, ಅವನಿಗೆ ಮಗಳಂತಿತ್ತು. ಕಥೆಗಾರನು ಎಲ್ಲಿ ನಿಧಾನಿಸುತ್ತಾನೋ ಅಲ್ಲಿ ಕೇಳುವವನ ಹೃದಯವು ಅಂಟಿಕೊಳ್ಳುವದು. ಕುರುಬರ ಹಟ್ಟಿಯಲ್ಲಿರುವ ವಾಚಕರಿಗೆ ನಾವು ಇದನ್ನು ಹೆಚ್ಚಾಗಿ ಬಿಡಿಸಿ ಹೇಳಬೇಕಾಗಿಲ್ಲ. ದಾವೀದನೂ ಕುರಿ ಕಾಯ್ದವನೇ.

ದಾವೀದನು ಇದನ್ನು ಫಿರ್ಯಾದಿಯೆಂದು ತಿಳಿದು ಕೂಡಲೇ ತೀರ್ಪು ಕೊಟ್ಟನು. ಒಂದು ಕುರಿಗೆ ನಾಲ್ಕು ಕುರಿಗಳನ್ನು ಕೊಡಬೇಕೆಂಬದು ವಿಮೋಚನಕಾಂಡದ 22ನೆಯ ಅಧ್ಯಾಯದಲ್ಲಿರುವ ಕಟ್ಟಳೆಯೇ ಸರಿ. ಆದರೆ ಕುರಿಯ ಕಳ್ಳನಿಗೆ ಮರಣವೆಂಬದು ಆ ಕಟ್ಟಳೆಯಲ್ಲಿಲ್ಲ, ಅದು ಅರಸನ ಕೋಪದ ಮಾತು. ಫಿರ್ಯಾದಿಯಾಗಿದ್ದರೆ ಊರಿನ ಹೆಸರೆಲ್ಲಿ? ಕಳಕೊಂಡವನ ಹೆಸರೆಲ್ಲಿ? ಸಾಕ್ಷಿಗಳೆಲ್ಲಿ? ಹಿಂದಣ ಅಧ್ಯಾಯದಲ್ಲಿ ಅಷ್ಟು ಹೆಸರುಗಳಿರಲು, ಇಲ್ಲಿ ಒಂದೂ ಇಲ್ಲ. ಹೆಸರಿಲ್ಲದ ಮನುಷ್ಯರು, ಅಂತ್ಯವಿಲ್ಲದ ಕಥೆ, ಇವು ಸಾಮ್ಯದ ಗುರುತುಗಳು. ಅಂತ್ಯವನ್ನು ಕೇಳುವವನೇ ತುಂಬಬೇಕು. ದಾವೀದನು ಅದನ್ನು ತನ್ನ ಬಾಯಿಂದಲೇ ತುಂಬಿದ ಮೇಲೆ, ಆ ಐಶ್ವರ್ಯವಂತನು ನೀನೇ ಎಂದು ನಾತಾನನು ತಿಳಿಸಿದನು. ಮೊದಲೇ ನೇರವಾಗಿ ಆಪಾದಿಸಿದ್ದರೆ ಅರಸನು ನೆವ ಹುಡುಕುತ್ತಿದ್ದನೋ ಏನೋ; ಈಗ ತಾನೇ ಕೊಟ್ಟ ತೀರ್ಪಿನಿಂದ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ.

ಸಾಯಂಕಾಲದ ಓದಿಗೆ ಇದೇ ಪುಸ್ತಕದ 14ನೆಯ ಅಧ್ಯಾಯವನ್ನು ತೆಗೆದುಕೊಳ್ಳಿರಿ. ತೆಕೋವದ ಹೆಂಗಸೊಬ್ಬಳು ದುಃಖದ ವಸ್ತ್ರ ತೊಟ್ಟು, ತನ್ನ ಇಬ್ಬರು ಮಕ್ಕಳ ಕಥೆಯನ್ನು ಇದೇ ದಾವೀದನ ಮುಂದೆ ಹೇಳುತ್ತಾಳೆ. ಅದು ವೃತ್ತಾಂತವೋ, ಫಿರ್ಯಾದಿಯೋ, ಸಾಮ್ಯವೋ ಎಂಬದನ್ನೂ, ಈ ಸಾರಿ ಅರಸನು ಯಾವ ವಚನದಲ್ಲಿ ಸಂಶಯಪಟ್ಟನೆಂಬದನ್ನೂ ಮನೆಯವರೆಲ್ಲರು ಕೂಡಿ ಹುಡುಕಿರಿ.